ಒಂದು ಕಿವಿ ಹೆಡ್‌ಫೋನಿಗೆ, ಒಂದು ಕಿವಿ ಕೋಣೆಗೆ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಊಟದ ಮೇಜಿನ ಕೆಳಗೆ ನನ್ನ ಬಲಗಾಲು ಸದಾ ಅಲ್ಲಾಡುತ್ತಿರುತ್ತದೆ. ಎದುರಿಗೆ ಕೂತ ಅಪ್ಪ, ಲೋಟದ ನೀರು ನಡುಗುವುದು ಕಂಡರೆ ಮಾತಾಡದೆ ಲೋಟ ಕೈಗೆತ್ತಿಕೊಳ್ಳುತ್ತಾರೆ. ಅವರು ವಿಮಾ ಕಚೇರಿಗೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಒಂದೇ ಶಾಖೆಯಲ್ಲಿದ್ದವರು. ಜೀವನ್ ಬಿಮಾ ನಗರದ ಈ ಮನೆಗೆ ಬಂದಮೇಲೂ ಅಷ್ಟೇ, ಮತ್ತೆ ಅಲುಗಲಿಲ್ಲ. ನಾನೋ, ಮೂವತ್ತು ದಾಟುವುದರೊಳಗೆ ಹಲವು ಕಂಪನಿ ಹತ್ತಿ ಇಳಿದಿದ್ದೆ. ಜರ್ಮನ್ ಕ್ಲಾಸಿಗೆ ಸೇರಿ ಬಿಟ್ಟೆ. ಈಜು ಕಲಿಯಲು ಹೋಗಿ ಬಿಟ್ಟೆ. ಮಣ್ಣಿನ ಪಾತ್ರೆ ಮಾಡಲು ಹೋಗಿ, ಸೊಟ್ಟಗಿನ ಕುಂಡವೊಂದನ್ನು ಮನೆಗೆ ತಂದು, ಅದನ್ನೂ ಬಿಟ್ಟೆ. ಚಿಕ್ಕಂದಿನಲ್ಲಿ ವೀಣೆಯನ್ನು ಕೆಲವು ವರ್ಷ ಬಿಡದೆ ಕಲಿತದ್ದು ಅಮ್ಮನ ಹಟದಿಂದ. ಹಾಗಾಗಿ ಹೊಸದೇನನ್ನೋ ಶುರುಮಾಡುತ್ತೇನೆಂದರೆ ಅಮ್ಮ ಬಿಡಿಸುತ್ತಿರುವ ಹುರುಳಿಕಾಯಿಯಿಂದ ತಲೆಯೆತ್ತುವುದಿಲ್ಲ. "ಇದು ಎಷ್ಟು ದಿನ?" ಅಂತಷ್ಟೇ ಕೇಳುತ್ತಾಳೆ.

ಒಂದು ಶುಕ್ರವಾರ ಆಫೀಸಿನಲ್ಲಿ ಯಾರೋ ಕೆಲಸ ಬಿಡುತ್ತಿದ್ದರು. ಎಲ್ಲರೂ ಮಧ್ಯಾಹ್ನದ ಊಟಕ್ಕೆ ಇಂದಿರಾನಗರದ ಒಂದು ಕೆಫೆಗೆ ಹೋಗಿದ್ದೆವು. ಮೂಲೆಯಲ್ಲಿ ಒಬ್ಬಾತ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಹಳೆಯ ಕಪ್ಪು ರೆಕಾರ್ಡು ಹಾಕುತ್ತಿದ್ದ. ಒಂದು ಹಾಡು ಮುಗಿಯುವ ಮುಂಚೆಯೇ ಇನ್ನೊಂದು ಅದರೊಳಗೆ ಬಂದು ಸೇರುತ್ತಿತ್ತು, ಮೊದಲಿನದು ಯಾವಾಗ ಹೊರಟುಹೋಯಿತೆಂದು ಗೊತ್ತಾಗುತ್ತಿರಲಿಲ್ಲ. ನಾನು ನೋಡುತ್ತಿದ್ದದ್ದು ಅವನ ಕೈಗಳನ್ನು. ಹೆಡ್‌ಫೋನಿನ ಒಂದು ಬಟ್ಟಲನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಹಿಡಿದಿದ್ದ. ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ರೆಕಾರ್ಡನ್ನು ಇಷ್ಟು ನೂಕುವುದು, ಅಂಚನ್ನು ಮುಟ್ಟಿ ತಡೆಯುವುದು, ಪಕ್ಕದ ಗುಂಡಿಯನ್ನು ಕೂದಲೆಳೆಯಷ್ಟು ಸರಿಸುವುದು. ಸುಮ್ಮನೆ ನಿಲ್ಲಲು ಬಾರದವರಿಗೆಂದೇ ಇರುವ ಕೆಲಸ ಇದು ಅನ್ನಿಸಿತು. ಊಟದ ತಟ್ಟೆ ಹಾಗೇ ಬಿಟ್ಟು ಎದ್ದು ಅವನ ಬಳಿ ನಿಂತೆ.

ಮುಂದಿನ ವಾರವೇ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಚಿಕ್ಕ ಯಂತ್ರವೊಂದನ್ನು ಕೊಂಡುಬಿಟ್ಟೆ. ಅದರಲ್ಲೊಂದು ಗುಂಡಿಯಿತ್ತು. ಒತ್ತಿದರೆ ಎರಡು ಹಾಡಿನ ಲಯವನ್ನು ಯಂತ್ರವೇ ಹೊಂದಿಸಿಬಿಡುತ್ತಿತ್ತು. ನಾಲ್ಕು ದಿನ ಒತ್ತಿದೆ. ಐದನೆಯ ದಿನ ನನಗೆ ಮಾಡಲು ಏನೂ ಉಳಿದಿಲ್ಲ ಅನ್ನಿಸಿ ಅದನ್ನು ಮಂಚದ ಕೆಳಗೆ ತಳ್ಳಿದೆ. ಅಮ್ಮ ಕಸ ಗುಡಿಸುತ್ತ ಅದನ್ನು ಪೊರಕೆಯಿಂದ ಪಕ್ಕಕ್ಕೆ ಸರಿಸಿದಳು. ಅದು ಚುಚ್ಚಿತು. ವಾಪಸ್ ಆ ಕೆಫೆಗೆ ಹೋಗಿ, ಇದನ್ನು ಯಾರ ಹತ್ತಿರ ಕಲಿಯಬಹುದೆಂದು ಮಾಲೀಕನನ್ನು ಕೇಳಿದೆ. ನನಗಿಂತ ಸ್ವಲ್ಪ ದೊಡ್ಡವನಿರಬೇಕು, ಗುಂಗುರು ಗಡ್ಡದವನು.

"ಗುಂಡಿ ಒತ್ತದೆ, ಬರೀ ಕಿವಿಯಿಂದ ಕಲೀಬೇಕಾ? ಹಾಗಾದ್ರೆ ನಮ್ಮ ಮಿಸ್ ಹತ್ರ ಹೋಗಿ. ಸ್ಕೂಲಲ್ಲಿ ನಮಗೆ ಪಿ.ಟಿ. ಮೇಡಂ ಆಗಿದ್ರು. ವಾರವೆಲ್ಲ ವಿಸಿಲ್ ಊದೋದು, ಭಾನುವಾರ ಕಂಟೋನ್ಮೆಂಟ್ ಕಡೆ ಮದುವೆ ಹಾಲ್‌ಗಳಲ್ಲಿ ರೆಕಾರ್ಡ್ ಹಾಕೋದು. ಆ ಕಾಲಕ್ಕೇ. ಆದ್ರೆ ಬೈತಾರೆ, ಹೇಳ್ಬಿಟ್ಟಿದೀನಿ."

ಮಿಸ್ ಮನೆ ಪುಲಿಕೇಶಿನಗರದಲ್ಲಿ, ಮಾಸ್ಕ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಹಳೆಯ ಬಂಗಲೆಯ ಹಿಂಭಾಗದಲ್ಲಿ. ಅರವತ್ತರ ಹತ್ತಿರದ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಮನೆಯಲ್ಲಿ ಒಬ್ಬರೇ. ಗೋಡೆಯ ಮೇಲೆ ಏಸುವಿನ ಪಟ, ಅದರ ಕೆಳಗೆ ಉದ್ದದ ಮೇಜು, ಮೇಜಿನ ಮೇಲೆ ಎರಡು ಟರ್ನ್‌ಟೇಬಲ್, ನಡುವೆ ಎರಡರ ಸದ್ದನ್ನೂ ಬೆರೆಸುವ, ಬಣ್ಣ ಹೋದ ಮಿಕ್ಸರ್. ಅವರ ಕನ್ನಡದಲ್ಲಿ ತಮಿಳು ಓಡಾಡುತ್ತಿತ್ತು. ಪಾಠ ಶನಿವಾರ ಬೆಳಗ್ಗೆ.

"ಈ ಕಡೆ ನಿಂತ್ಕೋ ಮಾ. ಎಡಕ್ಕೆ. ಬೆಳಕು ಬೀಳುತ್ತೆ," ಎಂದು ಮೊದಲ ದಿನವೇ ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸಿದರು. ವೇಗ ಹೆಚ್ಚು ಕಡಿಮೆ ಮಾಡಲು ಸರಿಸುವ ಪಟ್ಟಿಯ ಪಕ್ಕದ ಅಂಕಿಗಳ ಮೇಲೆಲ್ಲ, ನೋಡಿ ಹೊಂದಿಸಬಾರದೆಂದು, ಅವರು ಕಪ್ಪು ಟೇಪು ಅಂಟಿಸಿದ್ದರು.

"ಒಂದು ಕಿವಿ ಹೆಡ್‌ಫೋನಿಗೆ, ಒಂದು ಕಿವಿ ರೂಮಿಗೆ. ರೂಮಲ್ಲಿ ಈ ರೆಕಾರ್ಡ್ ಓಡ್ತಿದೆ, ಜನ ಇದಕ್ಕೆ ಕುಣೀತಿದಾರೆ. ಹೆಡ್‌ಫೋನಲ್ಲಿ ಇನ್ನೊಂದು. ಅದು ನಿನಗೆ ಮಾತ್ರ ಕೇಳುತ್ತೆ. ಎರಡೂ ಒಟ್ಟಿಗೆ ಹೆಜ್ಜೆ ಹಾಕೋ ಹಾಗೆ ಮಾಡಿ, ಆಮೇಲೆ ಜನಕ್ಕೆ ಕೇಳಿಸು. ಅಷ್ಟೇ. ಅದನ್ನೇ ಬೀಟ್ ಮ್ಯಾಚಿಂಗ್ ಅನ್ನೋದು."

ಅಷ್ಟೇ ಅಂದದ್ದು ಅಷ್ಟೇ ಆಗಿರಲಿಲ್ಲ. ತಿರುಗುವ ತಟ್ಟೆಯ ಮೇಲೆ ರೆಕಾರ್ಡನ್ನು ಬೆರಳಿನಿಂದ ತಡೆದು ಹಿಡಿದು, ಕೋಣೆಯ ಹಾಡಿನ ಮೊದಲ ಪೆಟ್ಟಿಗೆ ಸರಿಯಾಗಿ ಬಿಡುವುದು ಬೇಗ ಬಂತು. ಬಿಟ್ಟ ಕೂಡಲೆ ಎರಡೂ ಜೊತೆಯಾಗಿ ಧಬ್ ಧಬ್ ಎಂದು ಹೊರಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಧಬ್ ಎಂಬುದು ಧಬಕ್ ಆಗುತ್ತಿತ್ತು, ಆಮೇಲೆ ಧಡಬಡ, ಆಮೇಲೆ ಜಟಕಾ ಕುದುರೆ ಜಾರುರಸ್ತೆಯಲ್ಲಿ ಓಡಿದ ಹಾಗೆ. ತಪ್ಪುತ್ತಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಹೊಸ ರೆಕಾರ್ಡು ಮುಂದೆ ಓಡುತ್ತಿದೆಯೋ ಹಿಂದೆ ಬೀಳುತ್ತಿದೆಯೋ? ಅದು ನನಗೆ ತಿಳಿಯುತ್ತಲೇ ಇರಲಿಲ್ಲ.

"ಫಾಸ್ಟಾ, ಸ್ಲೋನಾ?" ಮಿಸ್ ಕೇಳುತ್ತಿದ್ದರು.

"ಫಾಸ್ಟ್."

"ನೋಡು."

ನಿಧಾನ ಮಾಡಿದರೆ ಇನ್ನೂ ಕೆಡುತ್ತಿತ್ತು.

"ಫಾಸ್ಟಾ, ಸ್ಲೋನಾ?"

"ಸ್ಲೋ."

"ಕಡವುಳೇ! ನಾಣ್ಯ ಚಿಮ್ಮಿದ್ರೂ ಅರ್ಧ ಸರಿ ಬೀಳುತ್ತೆ ಮಾ. ನಿನ್ನದು ಎಲ್ಲಾ ಉಲ್ಟಾ."

ನನಗೆ ಅವಮಾನ. ತಾಳ ಹಾಕಿ ಬೆಳೆದವಳು ನಾನು. ವೀಣೆ ಮೇಷ್ಟ್ರು ಬೇಕೆಂದೇ ಲಯ ಎಳೆದರೂ ಬಿಡದೆ ಹಿಡಿಯುತ್ತಿದ್ದೆ. ಅದನ್ನು ಹೇಳಿಯೂ ಹೇಳಿದೆ. ಮಿಸ್ ಕೇಳಿಸಿಕೊಂಡು, ನನ್ನ ಮುಖ ಬಿಟ್ಟು ಕಾಲು ನೋಡಿದರು. ಎಂದಿನಂತೆ ಬಲಗಾಲು ಕುಣಿಯುತ್ತಿತ್ತು.

"ಅದೇ ಕಳ್ಳ," ಎಂದರು. "ಯಾವ ಹಾಡು ಜೋರಾಗಿದ್ಯೋ ಅದರ ಹಿಂದೆ ಓಡುತ್ತೆ. ಈಗ ಇದಕ್ಕೆ ಹೊಡೀತಿತ್ತು, ಈಗ ನೋಡು, ಅದಕ್ಕೆ. ಎರಡಕ್ಕೂ ಹೊಂದಿಕೊಂಡ್ರೆ ಜಗಳ ಹೇಗೆ ಕೇಳುತ್ತೆ ನಿನಗೆ?" ಎನ್ನುತ್ತ ತಮ್ಮ ಕ್ಯಾನ್ವಾಸ್ ಶೂ ಕಾಲನ್ನು ನನ್ನ ಪಾದದ ಮೇಲಿಟ್ಟು ಒತ್ತಿದರು. ತೂಕದ ಹೆಂಗಸು. ಕಾಲು ನಿಂತಿತು. ಆದರೆ ಅಲ್ಲಿ ನಿಂತದ್ದು ಹೊಟ್ಟೆಗೆ, ಭುಜಕ್ಕೆ, ಹಲ್ಲಿಗೆ ಹತ್ತಿದ ಹಾಗಾಗಿ ಮೈಯೆಲ್ಲ ಚಡಪಡಿಸಿತು. ಆ ಬೆಳಗ್ಗೆ ಅರ್ಧಕ್ಕೇ ಏನೋ ನೆಪ ಹೇಳಿ ಹೊರಟುಬಂದೆ.

ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಅದು ನನ್ನನ್ನು ಹಿಡಿದಿತ್ತು, ಅದೂ ಹಿತವಾಗಿ ಅಲ್ಲ. ಮನೆಯಲ್ಲಿ ವಾಷಿಂಗ್ ಮೆಷಿನ್ ತಿರುಗುವಾಗ ಮೇಲಿನ ಫ್ಯಾನಿನ ಕಿರಕಿರ ಅದರ ಜೊತೆ ಕೂಡುತ್ತಿರಲಿಲ್ಲ, ನಾನು ಎದ್ದು ಫ್ಯಾನಿನ ವೇಗ ಬದಲಾಯಿಸುತ್ತಿದ್ದೆ. ಹಲಸೂರು ಸಿಗ್ನಲ್ಲಿನಲ್ಲಿ ಮುಂದಿನ ಎರಡು ಆಟೋಗಳ ಇಂಡಿಕೇಟರ್ ದೀಪ ಜೊತೆಯಾಗಿ ಮಿನುಗಿ, ಒಂದು ಹಿಂದೆ ಬಿದ್ದು, ಪೂರ್ತಿ ಎದುರಾಗಿ, ಮತ್ತೆ ಬಂದು ಸೇರುವುದನ್ನೇ ನೋಡುತ್ತ ಹಸಿರು ದೀಪ ಬಂದದ್ದು ಕಾಣದೆ ಹಿಂದಿನವರಿಂದ ಬೈಸಿಕೊಂಡೆ. ಆಫೀಸಿನ ಮೀಟಿಂಗಿನಲ್ಲಿ ಒಬ್ಬಾತ ಪೆನ್ನು ಟಕಟಕ ಒತ್ತುತ್ತಿದ್ದ, ಗೋಡೆ ಗಡಿಯಾರ ಇನ್ನೊಂದು ಲಯದಲ್ಲಿತ್ತು. ಯಾವುದು ಮುಂದೆ? ಯಾವುದು ಹಿಂದೆ? ಮ್ಯಾನೇಜರು ನನ್ನ ಹೆಸರು ಹಿಡಿದು ಕೂಗಿದಾಗ ಎಚ್ಚರಾಯಿತು. ರಾತ್ರಿ ಮಲಗಿದರೆ ನನ್ನ ನಾಡಿಗೂ ಪಕ್ಕದ ಮನೆಯ ನೀರಿನ ಮೋಟಾರಿಗೂ ಹೊಂದುತ್ತಿರಲಿಲ್ಲ.

"ಏನಾಗಿದೆ ನಿಂಗೆ?" ಅಮ್ಮ ಕೇಳಿದಳು. "ಕುಕ್ಕರ್ ವಿಸಿಲ್ ಬಂದ್ರೂ ಬೆಚ್ಚಿ ಬೀಳ್ತೀಯ."

"ಕಲೀತಿದೀನಮ್ಮ."

"ಕಲಿಯೋದು ಅಂದ್ರೆ ನೆಮ್ಮದಿ ಬರ್ಬೇಕು ಕಣೇ."

ಒಂದು ಶನಿವಾರ ಮಿಸ್ ಅನ್ನ ಇಳಿಸಲು ಒಳಗೆ ಹೋಗಿದ್ದರು. ಹಿಂದಿನ ದಿನ ಆಫೀಸಿನಲ್ಲಿ ಜಗಳವಾಗಿತ್ತು. ಮ್ಯಾನೇಜರಿಗೆ ಏನು ಹೇಳಬೇಕಿತ್ತು, ಏನು ಹೇಳಲಿಲ್ಲ ಎಂಬುದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಕೈಗಳು ತಮ್ಮ ಪಾಡಿಗೆ ರೆಕಾರ್ಡು ಹಿಡಿದು ಬಿಟ್ಟವು. ಧಬ್ ಧಬ್, ಇನ್ನೇನು ಧಬಕ್ ಆಗಬೇಕು, ಅಷ್ಟರಲ್ಲಿ ನನ್ನ ಬೆರಳು ತಟ್ಟೆಯ ಅಂಚನ್ನು ಮೆಲ್ಲಗೆ ಸವರಿತು. ಮತ್ತೆ ಧಬ್. ಪಟ್ಟಿಯನ್ನು ಸ್ವಲ್ಪ ನಿಧಾನದ ಕಡೆಗೆ ಸರಿಸಿದೆ. ಧಬ್. ಹೊಸದು ಮುಂದಿತ್ತು, ನಾನು ತಡೆದಿದ್ದೆ. ಯೋಚಿಸಿರಲಿಲ್ಲ. ಕೋಣೆಗೆ ಬಿಟ್ಟೆ. ಎರಡು ಡೋಲು ಒಂದೇ ಆಗಿ, ಮೇಲಿನ ಎರಡು ಹಾಡು ಬೇರೆಯಾಗಿ ತೇಲಿದವು. ನನ್ನ ಬೆನ್ನಿನ ಮೇಲೆ ರೋಮ ಎದ್ದು ನಿಂತಿತು.

ಅಡುಗೆಮನೆಯಿಂದ ಮಿಸ್ ಸೌಟು ಹಿಡಿದುಕೊಂಡೇ ಬಂದರು. "ಯಾರು, ನೀನಾ?"

"ನಾನೇ ಮಿಸ್."

"ಹಂಗೇ ಹಿಡ್ಕೋ. ಹಿಡ್ಕೋ. ಈಗ ಖುಷಿಯಾಗ್ಬೇಡ, ಖುಷಿಯಾದ್ರೆ ಹೋಗುತ್ತೆ."

ಖುಷಿಯಾದೆ. ಹೋಯಿತು. ಮಿಸ್ ನಕ್ಕು, ಊಟ ಮಾಡು ಬಾ, ಅನ್ನ, ಬಂಗಡೆ ಮೀನಿನ ಸಾರು ಎಂದರು. ನಾವು ಮನೆಯಲ್ಲಿ ಮೀನು ತಿನ್ನುವವರಲ್ಲ. ಅನ್ನಕ್ಕೆ ಉಪ್ಪಿನಕಾಯಿ, ಮೊಸರು ಹಾಕಿಸಿಕೊಂಡು ಅವರ ಎದುರು ಕೂತು ಉಂಡೆ. ಮುಂದಿನ ವಾರ ಅದೇ ಎರಡು ರೆಕಾರ್ಡು ಇಟ್ಟರೂ ಒಂದು ಸಲವೂ ಕೂಡಲಿಲ್ಲ. ಅದರ ಮುಂದಿನ ವಾರ ಎರಡು ಸಲ ಕೂಡಿತು. ಹೀಗೇ.

ಒಂದು ದಿನ ಅವರ ಜೊತೆ ಶಿವಾಜಿನಗರಕ್ಕೆ ಹೋಗಬೇಕಾಯಿತು. ಯಾರದೋ ಮನೆಯ ಪ್ರಾರ್ಥನೆಗೆ ಮಿಸ್‌ಗೆ ಹೂವು ಬೇಕಿತ್ತು. ರಸೆಲ್ ಮಾರುಕಟ್ಟೆಯ ಮುಂದೆ ಆಟೋ ಇಳಿದು, ಸುಗಂಧರಾಜದ ಬುಟ್ಟಿಗಳ ನಡುವೆ ನಡೆಯುತ್ತಿದ್ದೆವು. ಯಾವುದೋ ಮಾತಿಗೆ ನಾನು ಅವರ ಬಲಕ್ಕೆ ಬಂದಿದ್ದೆ. ಮಾತಾಡುತ್ತಲೇ ಇದ್ದೆ, ಅವರು ಉತ್ತರ ಕೊಡಲಿಲ್ಲ. ಗದ್ದಲ ಇರಬೇಕು ಎಂದುಕೊಂಡೆ. ಹಿಂದಿನಿಂದ, ಬಲಗಡೆಯಿಂದಲೇ, ಎಲೆಕೋಸು ತುಂಬಿದ ತಳ್ಳುಗಾಡಿಯೊಂದು ಬರುತ್ತಿತ್ತು. ತಳ್ಳುತ್ತಿದ್ದವನು "ಬಾಜೂ! ಬಾಜೂ ಹಟೋ! ಸೈಡ್ ಮೇಡಂ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಸುತ್ತಲಿದ್ದವರೆಲ್ಲ ಸರಿದರು, ನಾನೂ ಮುಂದಕ್ಕೆ ಜಿಗಿದೆ. ಮಿಸ್ ಮಲ್ಲಿಗೆಯ ಮೊಗ್ಗು ಮೂಸುತ್ತ ನಿಂತಿದ್ದರು. ನಾನು ಕೈ ಹಿಡಿದು ಎಳೆಯುವಷ್ಟರಲ್ಲಿ ಗಾಡಿಯ ಮೂಲೆ ಅವರ ಸೊಂಟಕ್ಕೆ ತಗುಲಿ ಅವರು ನನ್ನ ಮೇಲೆ ಬಿದ್ದರು.

ಮಿಸ್ ಮೊದಲು ಗಾಡಿಯವನಿಗೆ ತಮಿಳಿನಲ್ಲಿ ಬೈದರು, ಅವನು ಉರ್ದುವಿನಲ್ಲಿ ಬೈದ. ಆಮೇಲೆ ನನ್ನ ಕಡೆ ತಿರುಗಿ, "ಯಾಕೆ ಎಳೆದೆ? ನಾನೇನು ಮುದುಕಿನಾ?" ಎಂದರು.

"ಅಷ್ಟು ಕೂಗ್ತಿದ್ನಲ್ಲ ಮಿಸ್. ಕೇಳಿಸ್ಲಿಲ್ವಾ?"

ಅವರು ಸೊಂಟ ಹಿಡಿದುಕೊಂಡು ರಸ್ತೆ ಬದಿಗೆ ನಡೆದರು. ಚಹಾದಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆವು. ಕೂರುವಾಗ ನನ್ನನ್ನು ಎಡಕ್ಕೆ ಕೂರಿಸಿಕೊಂಡರು. ಆಗ, ಲೋಟ ಕೈಗೆ ಬರುವ ಮುಂಚೆಯೇ, ನನಗೆ ಅರ್ಥವಾಯಿತು. ಮೊದಲ ದಿನ ನನ್ನನ್ನು ಎಡಕ್ಕೆ ನಿಲ್ಲಿಸಿದ್ದು ಕಿಟಕಿಯ ಬೆಳಕಿಗಲ್ಲ. ಅವರು ಯಾವತ್ತೂ ನನ್ನ ಎದುರು ಹೆಡ್‌ಫೋನ್ ಹಾಕಿಕೊಂಡಿರಲಿಲ್ಲ. "ರೂಮಿಗೆ ಬಿಡು, ಕೇಳ್ತೀನಿ" ಅನ್ನುತ್ತಿದ್ದರು. ಅದು ಕಲಿಸುವ ರೀತಿ ಎಂದು ನಾನು ತಿಳಿದಿದ್ದೆ.

"ಬಲಗಿವಿ ಹೋಗಿ ಎರಡು ವರ್ಷ ಆಯ್ತು," ಎಂದರು. "ಒಂದು ಬೆಳಗ್ಗೆ ಎದ್ರೆ ಹತ್ತಿ ತುರುಕಿದ ಹಾಗೆ. ಶೀತ ಅಂದ್ಕೊಂಡೆ, ಬೆಚ್ಚಗೆ ಎಣ್ಣೆ ಬಿಟ್ಕೊಂಡೆ. ಡಾಕ್ಟರ್ ಹತ್ರ ಹೋಗುವಾಗ ಲೇಟಾಗಿತ್ತು. ತಕ್ಷಣ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು ಅಂದ್ರು."

"ಹಾಗಾದ್ರೆ ನನ್ನ ತಪ್ಪು ಹೇಗೆ ಹಿಡೀತಿದ್ರಿ?"

"ಆ ರೆಕಾರ್ಡ್ ಎಲ್ಲಾ ನನಗೆ ಬಾಯಿಪಾಠ ಮಾ. ಯಾವುದು ಎಷ್ಟು ಓಡುತ್ತೆ ಅಂತ ಗೊತ್ತು. ರೂಮಲ್ಲಿ ಎರಡೂ ಕೇಳಿದ್ರೆ ಒಂದು ಕಿವಿ ಸಾಕು. ಆದ್ರೆ ಒಂದನ್ನ ಒಳಗೆ, ಒಂದನ್ನ ಹೊರಗೆ ಇಟ್ಕೊಂಡು ಕೇಳ್ಬೇಕಲ್ಲ. ಅದು ಹೋಯ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ತಿದ್ಯಾ? ಕಿವುಡಿ ಹತ್ರ ಬೀಟ್ ಮ್ಯಾಚಿಂಗ್ ಕಲಿಯೋಕೆ?"

ಬರುತ್ತಿದ್ದೆ ಎನ್ನಬೇಕಿತ್ತು. ನಿಜವಾಗಿ ಬರುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಚಹಾ ಕುಡಿದು, ಹೂವಿನ ಕಟ್ಟನ್ನು ನಾನೇ ಹೊತ್ತು, ಆಟೋದಲ್ಲಿ ಅವರ ಎಡಕ್ಕೆ ಕೂತು ವಾಪಸಾದೆ.

ಕೆಲವು ದಿನಕ್ಕೆ ಕೆಫೆಯ ಮಾಲೀಕ ಫೋನು ಮಾಡಿದ. ಭಾನುವಾರ ಮಧ್ಯಾಹ್ನ ಮಿಸ್ ಬಂದು ರೆಕಾರ್ಡು ಹಾಕಬೇಕು, ಜೊತೆಗೆ ನಾನೂ ಸ್ವಲ್ಪ ಹೊತ್ತು ಹಾಕಬೇಕು ಅಂತ. ಕಿವಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಮಿಸ್ ಇಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ, ಹೂಂ ಅಂದುಬಿಟ್ಟಿದ್ದರು. ನಾನು ಓದಿ ಕೇಳಿ ಒಂದು ದಾರಿ ಹುಡುಕಿದೆ. ಕೆಫೆಯಲ್ಲಿರುವಂಥ ಹೊಸ ಮಿಕ್ಸರುಗಳಲ್ಲಿ ಕೋಣೆಯ ಹಾಡನ್ನೂ ಹೆಡ್‌ಫೋನಿನೊಳಗೇ ತಂದು, ಎರಡನ್ನೂ ಬೇಕಾದ ಅಳತೆಯಲ್ಲಿ ಬೆರೆಸಿ ಕೇಳಿಸುವ ಗುಂಡಿ ಇರುತ್ತದೆ. ಒಂದೇ ಕಿವಿಗೆ ಎರಡೂ. ಮಾಲೀಕನ ಬಳಿ ಹೆಚ್ಚಿಗೆ ಇದ್ದ ಅಂಥದೊಂದನ್ನು ಎರವಲು ತಂದು ಅವರ ಮೇಜಿನ ಮೇಲಿಟ್ಟೆ.

ಮಿಸ್ ಎಡಗಿವಿಗೆ ಹೆಡ್‌ಫೋನ್ ಒತ್ತಿಕೊಂಡರು. ರೆಕಾರ್ಡು ಹಿಡಿದ ಅವರ ಬೆರಳುಗಳನ್ನು ಅವತ್ತೇ ಮೊದಲು ನೋಡಿದ್ದು, ಎಷ್ಟು ಹಗುರ! ಬಿಟ್ಟರು. ಧಬ್ ಧಬ್. ಸ್ವಲ್ಪ ಹೊತ್ತಿಗೆ ಕುದುರೆ ಶುರುವಾಯಿತು. ಮುಖ ಗಂಟಿಕ್ಕಿತು. ನೂಕಿದರು, ತಡೆದರು, ಮತ್ತೆ ನೂಕಿದರು.

"ಥೂ! ಸಾಂಬಾರೂ ಪಾಯಸಾನೂ ಒಂದೇ ಪಾತ್ರೆಗೆ ಸುರಿದ ಹಾಗಿದೆ. ಯಾವುದು ಯಾವುದು ಅಂತ ಹೇಗೆ ಗೊತ್ತಾಗ್ಬೇಕು?"

"ಒಂದರ ಸೌಂಡ್ ಸ್ವಲ್ಪ ಕಮ್ಮಿ ಮಾಡಿ ಕೇಳಿ ಮಿಸ್."

"ನನಗೆ ಹೇಳ್ಕೊಡ್ತೀಯಾ ನೀನು?" ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದರು. ನಾನು ಮಿಕ್ಸರನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ದಾರಿಯುದ್ದಕ್ಕೂ ಸಿಟ್ಟು. ಅವರ ಮೇಲೋ, ಆ ಗುಂಡಿಯ ಮೇಲೋ, ಗೊತ್ತಿಲ್ಲ.

ಭಾನುವಾರ ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಅಮ್ಮ ಮದುವೆಮನೆಗೆ ಹೊರಟವಳಂತೆ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಳು. ಅಪ್ಪ ಎತ್ತರದ ಸ್ಟೂಲಿನ ಮೇಲೆ ಕಾಲು ನೆಲಕ್ಕೆ ಎಟುಕದೆ ನಿಂಬೆ ಸೋಡಾ ಹಿಡಿದು ಕೂತಿದ್ದರು. ಮೊದಲು ಮಿಸ್ ಹಾಕಿದರು. ಹೆಡ್‌ಫೋನ್ ಮುಟ್ಟಲಿಲ್ಲ. ಒಂದು ಹಾಡನ್ನು ಪೂರ್ತಿ ಓಡಲು ಬಿಟ್ಟು, ಕೊನೆಯ ಪೆಟ್ಟಿನ ಮೇಲೆ ಕಡಿದು, ಅದೇ ಉಸಿರಿನಲ್ಲಿ ಇನ್ನೊಂದನ್ನು ಎತ್ತುತ್ತಿದ್ದರು. ಬೆರೆಸಲಿಲ್ಲ. ಆದರೂ ಯಾವ ಹಾಡಿನ ನಂತರ ಯಾವುದು ಎಂಬುದರಲ್ಲೇ ಏನೋ ಇತ್ತು. ಹಳೆಯ ವಿದ್ಯಾರ್ಥಿಗಳು ಕೆಲವರು ಬಂದಿದ್ದರು. ಬೊಜ್ಜು ಬಂದ ಗಂಡಸರು "ಮಿಸ್! ಮಿಸ್!" ಎಂದು ಕೂಗುತ್ತ ಕುಣಿದರು. ಬೆರೆತಿಲ್ಲ ಎಂಬುದು ಯಾರಿಗೂ ಕಾಣಲಿಲ್ಲ. ಮಿಸ್ ಮುಖ ಮಾತ್ರ ಬಿಗಿದೇ ಇತ್ತು.

ಆಮೇಲೆ ನಾನು. ಮೊದಲ ಎರಡು ಜೋಡಿ ಕೂಡಿದವು. ಮೂರನೆಯದರಲ್ಲಿ, ಹೊಸ ಹಾಡನ್ನು ಕೋಣೆಗೆ ಬಿಟ್ಟಮೇಲೆ, ಧಬಕ್ ಶುರುವಾಯಿತು. ಎಲ್ಲರ ಮುಂದೆ. ಮುಂದೋ? ಹಿಂದೋ? ಕಾಲು ತನ್ನಷ್ಟಕ್ಕೆ ಕುಣಿಯಲು ತೊಡಗಿತು. ನೂಕಿದೆ, ಕೆಟ್ಟಿತು. ಗಾಬರಿಯಲ್ಲಿ ಇನ್ನೂ ನೂಕಿದೆ. ತಗಡಿನ ಡಬ್ಬಗಳನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ ಆ ಕೋಣೆಯೆಲ್ಲ ಸದ್ದು. ಕುಣಿಯುತ್ತಿದ್ದ ಒಬ್ಬಳು ನಿಂತು ನನ್ನ ಕಡೆ ನೋಡಿದಳು. ಹಳೆಯ ಹಾಡನ್ನು ತಟಕ್ಕನೆ ಕಡಿದುಬಿಟ್ಟೆ. ಹೊಸದು ಒಂಟಿಯಾಗಿ ಓಡಿತು, ಜನ ಮತ್ತೆ ಕುಣಿದರು. ನನ್ನ ಕುತ್ತಿಗೆಯವರೆಗೆ ಬೆವರು.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಿಂದ ಅಮ್ಮ, "ಚೆನ್ನಾಗಿತ್ತು ಕಣೇ. ನಡುವೆ ಒಂದು ಕಡೆ ಮಾತ್ರ ಯಾರೋ ಎಡವಿ ಬಿದ್ದ ಹಾಗಾಯ್ತು," ಅಂದಳು.

"ಅದು ಹಾಗೇ ಇರ್ಬೇಕು ಕಣೆ, ಸ್ಟೈಲು," ಎಂದರು ಅಪ್ಪ.

ಆ ವಾರದ ಶನಿವಾರ ನಾನು ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕೆಲಸ ಜಾಸ್ತಿ ಅಂದೆ, ಯಾರೂ ಕೇಳಿರಲಿಲ್ಲವಾದರೂ. ಮಿಸ್ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಮೊಬೈಲಿನಲ್ಲಿ ಕುದುರೆ ಸವಾರಿ ಕಲಿಸುವ ಜಾಗ ಹುಡುಕುತ್ತ ಕೂತಿದ್ದಾಗ ಅಮ್ಮ ಹೆಗಲ ಮೇಲಿಂದ ಇಣುಕಿ ನೋಡಿ ಸುಮ್ಮನೆ ಒಳಗೆ ಹೋದಳು. ಅವಳು ಏನಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮನೆಯೊಳಗೆ ಅತ್ತಿಂದಿತ್ತ ತಿರುಗಿದೆ, ಫ್ರಿಜ್ಜು ತೆಗೆದು ಮುಚ್ಚಿದೆ, ಟೀವಿ ಹಾಕಿ ಆರಿಸಿದೆ. ಕೊನೆಗೆ ಮಿಕ್ಸರನ್ನಾದರೂ ಮಾಲೀಕನಿಗೆ ವಾಪಸ್ ಕೊಡಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸ್ಕೂಟರ್ ಹತ್ತಿದೆ.

ಬಂಗಲೆಯ ಗೇಟಿನಲ್ಲೇ ಸದ್ದು ಕೇಳಿತು. ಒಳಗೆ ಎರಡು ರೆಕಾರ್ಡು ಒಂದರ ಮೇಲೊಂದು ಎಡವುತ್ತಿದ್ದವು. ನಿಲ್ಲುತ್ತಿದ್ದವು, ಮತ್ತೆ ಮೊದಲಿನಿಂದ, ಮತ್ತೆ ಕುದುರೆ. ಮಿಸ್ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಹೆಲ್ಮೆಟ್ ತೆಗೆದು ಗೇಟಿನ ಕಂಬಿ ಹಿಡಿದು ನಿಂತೆ. ರಸ್ತೆಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು, ಯಾರದೋ ಮನೆಯಲ್ಲಿ ಗೋಡೆ ಕೊರೆಯುತ್ತಿದ್ದರು. ಅದೆಲ್ಲದರ ನಡುವೆ ನನಗೆ ಸ್ಪಷ್ಟವಾಗಿ ಕೇಳಿತು: ಎರಡನೆಯದು ಹಿಂದೆ ಬೀಳುತ್ತಿದೆ. ಕೂದಲೆಳೆಯಷ್ಟು. ಅನುಮಾನವೇ ಇರಲಿಲ್ಲ. ಉಸಿರು ಹಿಡಿದು ಕಾದೆ. ಮತ್ತೆ ಹಿಂದೆ ಬಿತ್ತು. ಗೇಟು ತಳ್ಳಿ, ಬಾಗಿಲು ದಾಟಿ, ಅವರ ಎಡಕ್ಕೆ ಹೋಗಿ ನಿಂತು ಹೇಳಿದೆ.

"ಎರಡನೇದು ಸ್ಲೋ ಮಿಸ್."

ಅವರು ಬೆಚ್ಚಿದರು, ತಿರುಗಲಿಲ್ಲ. "ಗೊತ್ತು. ಬಾಯಿ ಮುಚ್ಚು," ಎಂದು ಪಟ್ಟಿಯನ್ನು ಸ್ವಲ್ಪ ವೇಗದ ಕಡೆಗೆ ಸರಿಸಿದರು. ಧಬಕ್ ಮೆಲ್ಲಗೆ ಧಬ್ ಆಯಿತು. ಇಬ್ಬರೂ ಅಲುಗಲಿಲ್ಲ. ಆಮೇಲೆ ಅದು ಇನ್ನೊಂದು ದಿಕ್ಕಿಗೆ ಜಾರಲು ಶುರುವಾದಾಗ ನಾನು ಬಾಯಿ ತೆರೆಯುವ ಮುಂಚೆ ಅವರ ಬೆರಳು ಅಂಚಿನ ಮೇಲಿತ್ತು.

"ಎಲ್ಲಿ ಹೋಗಿದ್ದೆ?" ಎಂದರು, ಬೆರಳು ತೆಗೆಯದೆ.

"ಎಲ್ಲೂ ಇಲ್ಲ ಮಿಸ್. ಮನೇಲೇ ಇದ್ದೆ."

"ಅವತ್ತು ಮೂರನೇದರಲ್ಲಿ ಯಾಕೆ ಅಷ್ಟು ನೂಕಿದೆ? ನಿನ್ನದು ಫಾಸ್ಟಿತ್ತು. ತಡೀಬೇಕಿತ್ತು."

"ಈಗ ಗೊತ್ತಾಗುತ್ತೆ ಮಿಸ್. ಅವತ್ತು ಗೊತ್ತಾಗ್ಲಿಲ್ಲ."

ಆ ಮಿಕ್ಸರನ್ನು ನಾವು ಇನ್ನೂ ಹಿಂದಿರುಗಿಸಿಲ್ಲ. ಮಾಲೀಕನಿಗೆ ಮಿಸ್ ತಾವೇ ಫೋನು ಮಾಡಿ ಕಿವಿಯ ವಿಷಯ ಹೇಳಿದರಂತೆ. ಅವನು ಅತ್ತನಂತೆ. "ಸ್ಕೂಲಲ್ಲೂ ಹಂಗೇ, ಬಿದ್ದೋನು ಬೇರೆ, ಅಳೋನು ಇವನು," ಅಂದರು. ನಾನು ಆಮೇಲೆ ಇನ್ನೊಂದು ಕೆಲಸ ಬದಲಾಯಿಸಿದೆ, ಹೊಸ ಆಫೀಸು ಕೆ.ಆರ್. ಪುರದ ಕಡೆ. ಮೆಟ್ರೋದಲ್ಲಿ ಕೂರಲಾಗದೆ ಬಾಗಿಲ ಬಳಿ ನಿಂತೇ ಹೋಗುತ್ತೇನೆ. ನೆಮ್ಮದಿ ಬಂದಿದೆಯೇ ಎಂದು ಅಮ್ಮ ಕೇಳಿದರೆ ಇಲ್ಲ ಅನ್ನಬೇಕು. ಜೋಡಿಸಿದ ಎರಡು ರೆಕಾರ್ಡು ತಾವಾಗಿ ಕೂಡಿ ಉಳಿಯುವುದೇ ಇಲ್ಲ, ಕೈ ತೆಗೆದ ಮರುಗಳಿಗೆ ಜಾರಲು ಹವಣಿಸುತ್ತವೆ. ಶನಿವಾರ ಬೆಳಗ್ಗೆ ಮಾತ್ರ ಆ ಮೇಜಿನ ಮುಂದೆ, ಅವರೊಂದು ತಟ್ಟೆ, ನಾನೊಂದು ತಟ್ಟೆ ಹಿಡಿದು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ನಿಲ್ಲುತ್ತೇವೆ.

ಮೊನ್ನೆ ಆ ಬಂಗಲೆಯ ಮುಂಭಾಗದ ಮನೆಯವರ ಸೊಸೆ ಬಾಗಿಲಿಗೆ ಬಂದಳು. ಸದ್ದಿಗೆ ತಕರಾರು ಹೇಳಲು ಬಂದಿದ್ದಾಳೆಂದು ನಾನು ಕೈಚಾಚಿ ಶಬ್ದ ತಗ್ಗಿಸಿದೆ. ಅವಳು ಹೊಸ್ತಿಲಲ್ಲೇ ನಿಂತು, ದುಪಟ್ಟದ ತುದಿ ಸುತ್ತುತ್ತ, "ಆಂಟಿ, ಕಡಿಮೆ ಮಾಡ್ಬೇಡಿ. ನಾನು ಅಡುಗೆಮನೇಲಿ ಇದರ ತಾಳಕ್ಕೇ ಚಪಾತಿ ಲಟ್ಟಿಸ್ತಾ ಇದೀನಿ," ಎಂದಳು. ಮಿಸ್‌ಗೆ ಅವಳು ನಿಂತ ಕಡೆಯ ಕಿವಿ ಕೇಳುವುದಿಲ್ಲ. ನಾನು ಅವರ ತೋಳು ಮುಟ್ಟಿ ಬಾಗಿಲ ಕಡೆ ತೋರಿಸಿ, ಅವಳು ಅಂದದ್ದನ್ನು ಎಡಗಿವಿಗೆ ಹೇಳಿದೆ. ಅವರು ಅವಳ ಕೈಯ ಹಿಟ್ಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ಶಬ್ದ ಏರಿಸಿದರು.